ಆರ್ವಿಡ್ ನೀಮಿಯ ಬಿಸಿನೀರು

ಇರ್ಮಾ ಹೌಗೆನ್ ಕಿರುಚಿದ ರಭಸಕ್ಕೆ ಆರ್ವಿಡ್ ನೀಮಿಯ ಕೈಲಿದ್ದ ಕಾಫಿ ಅರ್ಧ ಅವನ ಪ್ಯಾಂಟಿನ ಮೇಲೆ, ಅರ್ಧ ಪತ್ರಿಕೆಯ ಮೇಲೆ ಚೆಲ್ಲಿತು.

ಡುಲೂತ್‌ನಲ್ಲಿ ಶನಿವಾರದ ಬೆಳಗು. ಉಸಿರು ಮೀಸೆಯ ಮೇಲೇ ಹೆಪ್ಪುಗಟ್ಟುವ ಚಳಿ. ಆರ್ವಿಡನ ಹೆಂಡತಿ ಮಾರ್ಲಿಸ್ ಅಡುಗೆಮನೆಯಲ್ಲೇ ಊರ ಹೆಂಗಸರ ಕೂದಲು ಕತ್ತರಿಸಿ ಬಣ್ಣ ಹಚ್ಚುತ್ತಿದ್ದಳು. ಅಂದು ಮಧ್ಯಾಹ್ನ ಇರ್ಮಾಳ ಮೊಮ್ಮಗಳ ಮದುವೆ. ನೆತ್ತಿಗೆ ಬಣ್ಣ ಬಳಿದು, ಇನ್ನು ತೊಳೆಯೋಣವೆಂದು ಇರ್ಮಾಳನ್ನು ಸಿಂಕಿಗೆ ಬಗ್ಗಿಸಿ ಬಿಸಿನೀರಿನ ನಲ್ಲಿ ತಿರುಗಿಸಿದರೆ, ಊರ ಪಕ್ಕದ ಹಿಮಗಟ್ಟಿದ ಸುಪೀರಿಯರ್ ಸರೋವರವೇ ನೇರವಾಗಿ ಆಕೆಯ ತಲೆಗೆ ಇಳಿದಿತ್ತು.

"ಕೊಂದೇಬಿಟ್ಟೆ ಕಣೇ ಮಾರ್ಲಿಸ್!"

"ಆರ್ವಿಡ್! ನಿನ್ನ ಟ್ಯಾಂಕ್ ಕೆಟ್ಟಿದೆ!"

ಆರ್ವಿಡನ ಮೈ ಉರಿಯಿತು. ಅವನು ಶಾಲಾ ಬಸ್ಸಿನ ಚಾಲಕ. ವಾರವಿಡೀ ಅರವತ್ತು ಮಕ್ಕಳ ಮುಂದೆ ನುಂಗಿಕೊಂಡ ಸಿಟ್ಟೆಲ್ಲ ಶನಿವಾರ ಹೊರಬರುತ್ತಿತ್ತು.

"ನನ್ನ ಟ್ಯಾಂಕ್ ಕೆಡಲ್ಲ! ವರ್ಷವರ್ಷ ತಳದ ಗಸಿ ತೆಗೀತೀನಿ, ವಾಲ್ವ್ ಪರೀಕ್ಷೆ ಮಾಡ್ತೀನಿ, ತುಕ್ಕು ಹಿಡೀಬಾರ್ದು ಅಂತ ಒಳಗಿನ ಸರಳು ಬದಲಾಯಿಸ್ತೀನಿ. ಈ ಬೀದೀಲಿ ಇನ್ಯಾವನು ಮಾಡ್ತಾನೆ?"

"ಭಾಷಣ ಆಮೇಲೆ. ಇವಳ ತಲೆ ಮೇಲೆ ಬಣ್ಣ ಬಹಳ ಹೊತ್ತು ಇರಬಾರ್ದು. ಇಳಿ ಕೆಳಕ್ಕೆ!"

ಒಂದೇ ಮನೆಯನ್ನು ನಡುವೆ ಗೋಡೆ ಎಳೆದು ಎರಡು ಮಾಡಿದ್ದ ಕಟ್ಟಡ ಅದು. ಎಡಗಡೆ ಆರ್ವಿಡ್, ಬಲಗಡೆ ಗೋರ್ಡಿ ಸ್ಕೋಗ್. ನೆಲಮಾಳಿಗೆ ಮಾತ್ರ ಇಬ್ಬರಿಗೂ ಒಂದೇ. ಅಲ್ಲಿ ಗ್ಯಾಸಿನಿಂದ ನೀರು ಕಾಯಿಸುವ ಎರಡು ಟ್ಯಾಂಕುಗಳು ನಿಂತಿದ್ದವು. ಎಡಗಡೆಯದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬಲಗಡೆಯದು ಗೋರ್ಡಿಯ ರಟ್ಟಿನ ಪೆಟ್ಟಿಗೆ, ಬೇಟೆಯ ಕೋಟು, ಹಿಮದಲ್ಲಿ ಜಾರುವ ಮುರಿದ ಹಲಗೆಗಳ ರಾಶಿಯಲ್ಲಿ ಸೊಂಟದವರೆಗೆ ಹೂತುಹೋಗಿತ್ತು. ಉರಿಯುವ ಟ್ಯಾಂಕಿಗೆ ರಟ್ಟು ಒರಗಿಸಬೇಡ ಎಂದು ಆರ್ವಿಡ್ ಗಂಟಲು ಹರಿದುಕೊಂಡಿದ್ದೇ ಬಂತು. ಗೋರ್ಡಿ ಪ್ರತಿ ಸಲವೂ "ಆಯ್ತು ಮಾರಾಯ" ಎಂದು ಇನ್ನೊಂದು ಪೆಟ್ಟಿಗೆ ತಂದಿಡುತ್ತಿದ್ದ.

ಆರ್ವಿಡನ ಹಿಂದೆಯೇ, ಹೆಂಡತಿಗಾಗಿ ಮೇಲೆ ಕಾಯುತ್ತಿದ್ದ ಇರ್ಮಾಳ ಗಂಡ ಕ್ಲಾರೆನ್ಸ್ ಕೆಳಗಿಳಿದ. ಅದಿರಿನ ಹಡಗಿನ ಎಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದು ನಿವೃತ್ತನಾದವನು. ಮದುವೆಗೆಂದು ಸೂಟು ತೊಟ್ಟಿದ್ದ.

ಆರ್ವಿಡ್ ಮೊದಲು ಮೂಗೆಳೆದು ಗ್ಯಾಸಿನ ವಾಸನೆ ನೋಡಿದ. ಇಲ್ಲ. ಬಗ್ಗಿ ನೋಡಿದರೆ ಎಡಗಡೆಯ ಟ್ಯಾಂಕಿನ ಜ್ವಾಲೆ ಹದವಾಗಿ ನೀಲಿ. ಮೇಲಿನ ಕೊಳವೆ ಮುಟ್ಟಿದರೆ ಕೈ ಸುಡುತ್ತದೆ.

"ಟ್ಯಾಂಕ್ ಬಿಸಿ ಇದೆ, ನಲ್ಲೀಲಿ ಐಸ್ ಬರ್ತಿದೆ! ಇದೆಂಥ ಅನ್ಯಾಯ?"

"ಶಾಖ ಸಾಲ್ತಿಲ್ಲ," ಎಂದು ಕ್ಲಾರೆನ್ಸ್ ಕೇಳದೆಯೇ ಟ್ಯಾಂಕಿನ ಶಾಖದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಬಿಟ್ಟ.

ಆರ್ವಿಡ್ ಅವನ ಕೈಗೆ ಪಟ್ಟೆಂದು ಹೊಡೆದು ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ. "ಕೈ ಒಡ್ಡಿದವರ ಚರ್ಮ ಸುಲಿದು ಬರುತ್ತೆ! ಇದು ಮನೆ, ನಿನ್ನ ಹಡಗಲ್ಲ!"

"ಆ ಪಕ್ಕದ ವಾಲ್ವ್ ತೊಟ್ಟಿಕ್ತಿದೆ ನೋಡು. ಬಿಸಿಯೆಲ್ಲ ಅಲ್ಲೇ ಸೋರಿಹೋಗ್ತಿರೋದು. ಒಂದು ಬಿರಡೆ ಜಡಿದು ಮುಚ್ಚು."

"ಅದು ಒತ್ತಡ ಹೆಚ್ಚಾದ್ರೆ ಹೊರಗೆ ಹೋಗೋ ದಾರಿ ಕಣಯ್ಯಾ! ಮುಚ್ಚಿದ್ರೆ ಇದು ಬಾಂಬು. ನೆಲ ಒಡ್ಕೊಂಡು, ನನ್ನ ಹೆಂಡತಿ, ನಿನ್ನ ಹೆಂಡತಿ ಇಬ್ಬರನ್ನೂ ಹೊತ್ಕೊಂಡು ಕೊಲ್ಲಿ ಆಚೆ ವಿಸ್ಕಾನ್ಸಿನ್‌ಗೆ ಹೋಗಿ ಬೀಳುತ್ತೆ!"

ಕ್ಲಾರೆನ್ಸ್ ಗಡಿಯಾರ ನೋಡಿಕೊಂಡ. "ಮದುವೆ ಇರೋದೂ ಅಲ್ಲೇ."

ಅಷ್ಟರಲ್ಲಿ ಬಲಗಡೆಯ ಮನೆಯ ಮೆಟ್ಟಿಲಿನಿಂದ ಗೋರ್ಡಿ ಸ್ಕೋಗ್ ಇಳಿದು ಬಂದ. ಸ್ನಾನದ ನಿಲುವಂಗಿ, ಕೆಂಪಗೆ ಬೆಂದ ಮುಖ, ಬೋಳುತಲೆಯಿಂದ ಏಳುತ್ತಿದ್ದ ಆವಿ. ಆಗಷ್ಟೇ ಒಲೆಯಿಂದ ಇಳಿಸಿದ ಆಲೂಗಡ್ಡೆಯ ಹಾಗಿದ್ದ.

"ಏನ್ರಪ್ಪಾ ಗಲಾಟೆ? ಬಿಸಿನೀರಿಲ್ವಾ? ಅಯ್ಯೋ ಪಾಪ! ನಮ್ಮನೇಲಿ ಭರ್ಜರಿ ನೀರು. ಅರ್ಧ ಗಂಟೆ ನಿಂತಿದ್ದೆ. ನಾನಂತೂ ಈ ಮನೆಗೆ ಬಂದಾಗಿನಿಂದ ಟ್ಯಾಂಕ್ ಮುಟ್ಟಿಲ್ಲ. ನೀನು ಸುಮ್ನಿರೋದಿಲ್ಲ, ಕೆದಕ್ತೀಯ. ಕೆದಕಿದ್ದಕ್ಕೇ ಅದಕ್ಕೆ ಸಿಟ್ಟು ಬಂದಿದೆ."

ಆರ್ವಿಡನ ಹಣೆಯ ನರ ಹುರಿಹಗ್ಗದಂತೆ ಉಬ್ಬಿತು. ಮುಟ್ಟದವನ ಮನೆಯಲ್ಲಿ ಕುದಿನೀರು, ಮೈತೊಳೆದು ಸಾಕಿದವನ ಮನೆಯಲ್ಲಿ ಹಿಮ! ಜಗತ್ತಿನಲ್ಲಿ ನ್ಯಾಯ ಅನ್ನುವುದೇ ಸತ್ತಿದೆ ಎಂದು ಅವನಿಗೆ ಖಾತ್ರಿಯಾಯಿತು.

"ಇರ್ಮಾನ್ನ ನಮ್ಮನೆಗೆ ಕಳ್ಸು, ಅಲ್ಲಿ ತೊಳೀಲಿ," ಎಂದ ಗೋರ್ಡಿ.

"ಬೇಡ! ನಿನ್ನ ಒಂದು ಹನಿ ನೀರೂ ಬೇಡ!"

ಮೆಟ್ಟಿಲ ತುದಿಯಿಂದ ಮಾರ್ಲಿಸ್ ಗುಡುಗಿದಳು. "ಬೇಡ ಅನ್ನೋಕೆ ನೀನ್ಯಾರು? ಇನ್ನು ಸ್ವಲ್ಪ ಹೊತ್ತು ಬಿಟ್ರೆ ಇವಳ ತಲೆ ಕ್ಯಾರೆಟ್ ಆಗುತ್ತೆ! ಬಾ ಇರ್ಮಾ, ಇವನ ಜಂಬ ಇವನೇ ಇಟ್ಕೊಳ್ಳಲಿ." ತಲೆಗೆ ಟವೆಲು ಸುತ್ತಿದ ಇರ್ಮಾಳನ್ನು ಅಂಗಳದ ಹಿಮದಲ್ಲಿ ದರದರ ಎಳೆದುಕೊಂಡು ಪಕ್ಕದ ಮನೆಗೆ ಹೋದಳು. ಬಾಗಿಲು ತೆಗೆಯಲೆಂದು ಗೋರ್ಡಿ ಸಿಳ್ಳೆ ಹಾಕುತ್ತ ಮೇಲೆ ಹತ್ತಿದ.

ಆ ಸಿಳ್ಳೆಯೇ ಆರ್ವಿಡನನ್ನು ಕೆಡಿಸಿದ್ದು.

"ಒಳಗೆ ತಣ್ಣೀರನ್ನ ತಳಕ್ಕೆ ಇಳಿಸೋ ಕೊಳವೆ ಇರುತ್ತೆ. ಅದೇ ಮುರಿದಿದೆ. ತಣ್ಣೀರು ಮೇಲೇ ನಿಂತು ನಲ್ಲಿಗೆ ಬರ್ತಿದೆ. ಟ್ಯಾಂಕ್ ಖಾಲಿ ಮಾಡಿ ಈಗಲೇ ಬಿಚ್ತೀನಿ," ಎಂದ. ಬೇರೆ ದಿನವಾಗಿದ್ದರೆ ಗ್ಯಾಸ್ ಆರಿಸಿ, ನೀರು ತಣಿಯಲು ಗಂಟೆಗಟ್ಟಲೆ ಬಿಡುತ್ತಿದ್ದ. ಇಂದು ಸಿಟ್ಟು ಕಾಯಲು ಬಿಡಲಿಲ್ಲ. ಗ್ಯಾಸ್ ಆರಿಸಿದ, ತಣ್ಣೀರು ಒಳಬರುವ ದಾರಿ ಮುಚ್ಚಿದ, ತಳಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ ನೆಲದ ಮೋರಿಗೆ ಬಿಟ್ಟ. ಕುದಿನೀರು ಬುಸುಗುಡುತ್ತ ಹೊರಟಿತು. ಆವಿಯಲ್ಲಿ ಕ್ಲಾರೆನ್ಸನ ಸೂಟಿನ ಇಸ್ತ್ರಿ ಕರಗಿಹೋಯಿತು.

ಆಗ ಗೋಡೆಯಾಚೆಯಿಂದ ಇರ್ಮಾ ಮತ್ತೊಮ್ಮೆ ಕಿರುಚಿದಳು. ಮಾರ್ಲಿಸ್ ಗೋರ್ಡಿಯ ಮೆಟ್ಟಿಲು ಧಡಧಡ ಇಳಿದಳು. ಮೊಣಕೈವರೆಗೂ ಬಣ್ಣದ ನೊರೆ.

"ಗೋರ್ಡಿ ಮನೆ ಬಿಸಿನೀರೂ ನಿಂತುಹೋಯ್ತು! ನಲ್ಲಿ ಸೊರ್‍ರ್ ಅಂತ ಗಾಳಿ ಒಳಕ್ಕೆ ಎಳ್ಕೊಳ್ತಿದೆ! ಏನು ಮಾಡ್ದೆ ನೀನು?"

"ನಾನು ನನ್ನ ಟ್ಯಾಂಕ್ ಖಾಲಿ ಮಾಡ್ತಿದ್ದೀನಿ. ಅವನ ನಲ್ಲಿಗೂ ನನ್ನ ಟ್ಯಾಂಕಿಗೂ ಏನು..."

ಆರ್ವಿಡ್ ಟಾರ್ಚು ಹಾಕಿ ಕೊಳವೆಯ ಜಾಡು ಹಿಡಿದು ಹೋದ. ಎಡಗಡೆಯ ಟ್ಯಾಂಕಿನ ಬಿಸಿನೀರಿನ ಕೊಳವೆ ತೊಲೆಗಳ ಸಂದಿಯಲ್ಲಿ ತೆವಳಿ, ಅವನ ತಲೆಯ ಮೇಲೇ ಅಡ್ಡ ಹಾಯ್ದು, ನೇರವಾಗಿ ಗೋರ್ಡಿಯ ಅಡುಗೆಮನೆಗೆ ಏರಿತ್ತು. ಬಲಗಡೆಯ ಟ್ಯಾಂಕಿನದು ಇತ್ತ ತಿರುಗಿ ಆರ್ವಿಡನ ಮನೆಗೆ ಬಂದಿತ್ತು.

ಮನೆ ಮಾರಿದವನು "ಎಡಗಡೆ ಮನೆ, ಎಡಗಡೆ ಟ್ಯಾಂಕು" ಎಂದಿದ್ದ. ಆರ್ವಿಡ್ ನಂಬಿದ್ದ. ಗೋರ್ಡಿ ಜಿಂಕೆ ಬೇಟೆಗೆಂದು ಕಾಡಿಗೆ ಹೋಗುವ ನವೆಂಬರಿನ ವಾರವನ್ನೇ ಆರಿಸಿಕೊಂಡು, ಅವನ ಹಲ್ಕಿರಿತದ ಕಾಟವಿಲ್ಲದೆ ವರ್ಷವರ್ಷವೂ ತೊಳೆದಿದ್ದು, ಒರೆಸಿದ್ದು, ಸರಳು ಬದಲಾಯಿಸಿದ್ದು ಗೋರ್ಡಿಯ ಟ್ಯಾಂಕನ್ನೇ!

ಅವನು ಬಲಗಡೆಯ ಪೆಟ್ಟಿಗೆಗಳನ್ನು ಒದ್ದು ಒದ್ದು ಸರಿಸಿದ. ಹಿಂದೆ ಟ್ಯಾಂಕು ತಣ್ಣಗೆ ನಿಂತಿತ್ತು. ಗಾಳಿ ಸಿಗದೆ ಜ್ವಾಲೆ ಆರಿತ್ತು, ತಳ ತುಕ್ಕು ತಿಂದು ರೊಟ್ಟಿಯ ಅಂಚಿನಂತೆ ಉದುರುತ್ತಿತ್ತು. ಮತ್ತೆ ಹಚ್ಚುವ ಮಾತೇ ಇಲ್ಲ.

"ಅಂದ್ರೆ ಸತ್ತಿರೋದು ನಮ್ಮದು," ಎಂದಳು ಮಾರ್ಲಿಸ್, ಹಲ್ಲು ಕಚ್ಚಿ. "ಸರಿ. ಈಗ ಅದನ್ನ ತುಂಬಿಸಿ ಹಚ್ಚು."

"ಯಾವುದನ್ನ?"

"ಗೋರ್ಡಿದನ್ನ! ಇರ್ಮಾ ತಲೆ ಅರ್ಧ ತೊಳೆದು ಕೂತಿದ್ದಾಳೆ!"

ಗೋರ್ಡಿ ಮೆಟ್ಟಿಲಿನಿಂದಲೇ ಹೇಳಿದ: "ನೀನೇ ಮಾಡಪ್ಪ, ನಂಗೆ ಅದೆಲ್ಲ ಬರಲ್ಲ."

ಆರ್ವಿಡ್ ಗೋರ್ಡಿಯ ಟ್ಯಾಂಕನ್ನು ತುಂಬಿಸಿದ. ಗಾಳಿಯೆಲ್ಲ ಹೊರಟು ನಲ್ಲಿಯಲ್ಲಿ ನೀರು ಒಂದೇ ಸಮನೆ ಬರುವವರೆಗೆ ಕಾದ. ನೆಲದವರೆಗೆ ಬಗ್ಗಿ ಗ್ಯಾಸಿನ ವಾಸನೆ ನೋಡಿ, ಆಮೇಲೆ ಹಚ್ಚಿದ. ಸಿಟ್ಟಿನಲ್ಲೂ ಒಂದು ಹೆಜ್ಜೆ ತಪ್ಪಿಸಲಿಲ್ಲ. ಆ ಕಾರಣಕ್ಕೇ ಅವನಿಗೆ ತನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು. ನೀರು ಕಾಯುವಷ್ಟರಲ್ಲಿ ಇರ್ಮಾಳ ತಲೆ ಸ್ಕೂಲ್ ಬಸ್ಸಿನ ಬಣ್ಣಕ್ಕೆ ತಿರುಗಿತ್ತು. ಅವಳು ಮದುವೆಗೆ ಟೋಪಿ ಹಾಕಿಕೊಂಡು ಹೋದಳು.

ಸೋಮವಾರದವರೆಗೆ ಹೊಸ ಟ್ಯಾಂಕ್ ಹಾಕುವವರು ಯಾರೂ ಬರುವುದಿಲ್ಲ ಎಂದು ಗೊತ್ತಾಯಿತು. ಸಂಜೆ ಮಾರ್ಲಿಸ್ ತನ್ನ ಕತ್ತರಿ, ಬಾಚಣಿಗೆ, ತಿರುಗುವ ಕುರ್ಚಿಯನ್ನೆಲ್ಲ ಗೋರ್ಡಿಯ ಅಡುಗೆಮನೆಗೆ ಸಾಗಿಸಿದಳು. ಆಮೇಲೆ ಗಂಡನ ಕೈಗೆ ಟವೆಲು, ಸೋಪು ತುರುಕಿ ಬಾಗಿಲಿನಾಚೆ ದೂಡಿದಳು. "ಮೈಯೆಲ್ಲ ತುಕ್ಕು. ಹೋಗು, ಅಲ್ಲೇ ಸ್ನಾನ ಮಾಡ್ಕೊಂಡ್ ಬಾ."

ಗೋರ್ಡಿ ಬಾಗಿಲು ತೆರೆದು, ಹಿಮದಲ್ಲಿ ನಿಂತ ಆರ್ವಿಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನ ಮುಖದಲ್ಲಿ ನಿಜವಾದ ಮರುಕವಿತ್ತು.

"ತಪ್ಪು ತಿಳ್ಕೋಬೇಡ ಆರ್ವಿಡ್," ಎಂದ. "ಇಷ್ಟು ವರ್ಷ ನಿನ್ನ ಟ್ಯಾಂಕನ್ನ ಒಂದು ಸಲಾನೂ ನೋಡ್ಲಿಲ್ವಲ್ಲ! ಟ್ಯಾಂಕ್ ಅಂದ್ಮೇಲೆ ವರ್ಷಕ್ಕೊಮ್ಮೆಯಾದ್ರೂ ತೊಳೆದು ಇಟ್ಕೋಬೇಕು ಮಾರಾಯ. ನನ್ನದನ್ನ ನೋಡು, ಹೇಗಿದೆ!"