ಟೀಚರ್ ಮನೆಯ ಹಾಲಿನಲ್ಲಿ ಅಲಸಂದೆ

ಬೇಸಿಗೆ ಬೆಳೆ ಕೈಗೆ ಬರದಿದ್ದರೆ ರೈತನಿಗೆ ಒಂದು ಚಿಂತೆ, ಬಂದರೆ ಅದನ್ನು ಎಲ್ಲಿ ಹರಡಬೇಕೆಂಬ ಇನ್ನೊಂದು ಚಿಂತೆ. ನನ್ನದು ಎರಡನೆಯದು, ಹಾಗಾಗಿ ಹೇಳಿಕೊಳ್ಳುವಾಗ ಸ್ವಲ್ಪ ಜಂಬವೂ ಸೇರಿಕೊಳ್ಳುತ್ತದೆ. ನಾವಿರುವುದು ಮೈಸೂರಿನ ಶ್ರೀರಾಂಪುರದಲ್ಲಿ. ಬಡಾವಣೆಗಳ ಆಚೆ ಒಂದಿಷ್ಟು ಹೊಲ ಉಳಿದಿದೆ. ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನಲ್ಲಿ ಹೊಲಕ್ಕೆ ಹೊರಡುತ್ತೇನೆ. ನೋಡಿದವರು ಆಫೀಸಿಗೆ ಹೋಗುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಅಪ್ಪ ಕಾಳು ಬಡಿಯುತ್ತಿದ್ದ ಕಣದ ಜಾಗದಲ್ಲಿ ಈಗ ಮೂರಂತಸ್ತಿನ ಮನೆಯಿದೆ. ಆ ಮನೆಯವರು ಒಳ್ಳೆಯವರೇ. ಹಾಗಂತ ಅವರ ಅಡುಗೆಮನೆಯಲ್ಲಿ ನಾನು ಕೋಲು ಹಿಡಿದು ನಿಲ್ಲಲಾದೀತೇ?

ಈ ವರ್ಷ ಬೋರಿನಲ್ಲಿ ನೀರು ಚೆನ್ನಾಗಿತ್ತು, ಅಲಸಂದೆ ಬಳ್ಳಿ ಕಾಣದಷ್ಟು ಕಾಯಿ ಬಿಟ್ಟಿತ್ತು. ಒಣಗಿದ ಕಾಯಿಗಳನ್ನು ಗೂಡ್ಸ್ ಆಟೋದಲ್ಲಿ ತಂದು ಮನೆಯ ತಾರಸಿಯ ಮೇಲೆ ಹರಡಿದೆ. ಗಾಳಿ ಬಂದಾಗಲೆಲ್ಲ ಅದರ ಧೂಳು ಪಕ್ಕದ ಮನೆಯ ಜಯಮ್ಮ ಟೀಚರ್ ಒಣಹಾಕಿದ ಬಟ್ಟೆಯ ಮೇಲೆ ಹೋಗಿ ಕೂರುತ್ತಿತ್ತು. ಅವರು ನಿವೃತ್ತ ಗಣಿತ ಶಿಕ್ಷಕಿ, ಮಾತು ಯಾವಾಗಲೂ ಚುಟುಕು. "ಗೌಡ್ರೇ, ಬೆಳೆ ಚೆನ್ನಾಗಿ ಬಂದಿದೆ ಅಂತ ನನ್ನ ಸೀರೆ ನೋಡಿದ್ರೇ ಗೊತ್ತಾಗುತ್ತೆ" ಅಂದರು. ನನಗೆ ಚುಚ್ಚಿತು. ಅಂದಿನಿಂದ ಅವರನ್ನು ಕಂಡರೆ ಸ್ಕೂಟರಿನ ಟೈರು ನೋಡುತ್ತಾ ನಿಲ್ಲುವುದನ್ನು ರೂಢಿಸಿಕೊಂಡೆ.

ಅಷ್ಟರಲ್ಲಿ ವಿಜಯನಗರದಲ್ಲಿ ನೆಂಟರ ಮನೆಯ ಗೃಹಪ್ರವೇಶ ಬಂತು. ಹೊರಡುವಾಗ ಹೆಂಡತಿ ಪುಟ್ಟಮ್ಮ, "ಮೋಡ ಕಟ್ತಾ ಅದೆ ಕಣ್ರೀ. ಎಲ್ಲಾನೂ ಮೂಟೆಗೆ ತುಂಬ್ಬುಟ್ಟು ಓಗಿ" ಅಂದಳು. ನಾನು ಕತ್ತೆತ್ತಿ, ಕಣ್ಣು ಕಿರಿದು ಮಾಡಿ ಆಕಾಶ ನೋಡಿದೆ. ಹಾಗೆ ನೋಡಿದರೆ ತಿಳಿದವನಂತೆ ಕಾಣುತ್ತೇನೆ. "ಇದು ಮಳೆ ಉಯ್ಯೋ ಮೋಡ ಅಲ್ಲ ಕಣೇ" ಎಂದು ಹೇಳಿ ಒಬ್ಬನೇ ಹೊರಟೆ.

ಎಲೆಯ ಮೇಲೆ ಎರಡನೇ ಹೋಳಿಗೆ ಬೀಳುವ ಹೊತ್ತಿಗೆ ಗುಡುಗಿತು. ಪಂಕ್ತಿಯಲ್ಲಿದ್ದವರೆಲ್ಲ, ಸದ್ಯ ತಂಪಾಯಿತು ಎಂದು ಖುಷಿಪಟ್ಟರು. ನಾನು ಹೋಳಿಗೆ ಬಿಟ್ಟು ಎದ್ದೆ. ಅಲಸಂದೆ ನೆಂದರೆ ಕಾಳು ಬೂಷ್ಟು ಹಿಡಿಯುತ್ತದೆ, ಮೂರು ತಿಂಗಳ ಬೆವರು ಅಲ್ಲಿಗೆ ಮುಗಿಯುತ್ತದೆ. ದಾರಿಯುದ್ದಕ್ಕೂ ನೆನೆದು ಮನೆ ಸೇರಿ ತಾರಸಿಗೆ ಓಡಿದರೆ ಅಲ್ಲಿ ನೀರು ಬಿಟ್ಟು ಇನ್ನೇನೂ ಇರಲಿಲ್ಲ. ಎಲ್ಲ ಕೊಚ್ಚಿಹೋಯಿತು ಅಂದುಕೊಂಡೆ. ಆಗ ಪಕ್ಕದ ಮನೆಯೊಳಗಿಂದ ಪುಟ್ಟಮ್ಮ ನಗುವುದು ಕೇಳಿಸಿತು.

ಹೋಗಿ ಬಾಗಿಲಲ್ಲಿ ನಿಂತೆ. ಟೀಚರ್ ಮನೆಯ ಹಾಲಿನ ತುಂಬ ಬೆಡ್‌ಶೀಟು, ಬೆಡ್‌ಶೀಟಿನ ತುಂಬ ಅಲಸಂದೆ. ದಿವಾನದ ಮೇಲೂ ಅಲಸಂದೆ, ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದ ಟೀಚರ್ ತಲೆ ಒರೆಸಿಕೊಳ್ಳುತ್ತಿದ್ದರು. ಮಳೆ ಶುರುವಾದಾಗ ಪುಟ್ಟಮ್ಮ ಕೂಗಿಕೊಂಡಳಂತೆ; ಇವರು ಓಡಿ ಬಂದು, ಇಬ್ಬರೂ ಸೇರಿ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಕಾಂಪೌಂಡಿನ ಮೇಲಿಂದ ದಾಟಿಸಿಕೊಂಡರಂತೆ. "ಟೀಚರ್..." ಎಂದು ಒಂದು ಹೆಜ್ಜೆ ಮುಂದಿಟ್ಟೆ.

"ಅಲ್ಲೇ ನಿಂತ್ಕೊಳ್ಳಿ ಗೌಡ್ರೇ" ಅಂದರು ಅವರು. "ನೀವು ಒಳಗೆ ಬಂದ್ರೆ ಅಲಸಂದೆ ಒದ್ದೆ ಆಗುತ್ತೆ."

ಹಿಂದೆ ಊರಿನಲ್ಲಿ ಮಳೆ ಹನಿ ಬಿದ್ದರೆ ಕಣದ ಹತ್ತಿರ ಯಾರಿದ್ದರೂ ಓಡಿ ಬರುತ್ತಿದ್ದರು; ಮಾತು ಬಿಟ್ಟವರು ಮೊದಲು ಬರುತ್ತಿದ್ದರು. ಕಣದ ಜೊತೆಗೆ ಅದೂ ಹೋಯಿತೆಂದು ನಾನು ತಿಳಿದಿದ್ದೆ. ಬಾಗಿಲಲ್ಲಿ ತೊಟ್ಟಿಕ್ಕುತ್ತಾ ನಿಂತಾಗ ಮನಸ್ಸು ಹಗುರಾಯಿತು.

ಕಾಯಿ ಮತ್ತೆ ಗರಿಗರಿಯಾದ ಮೇಲೆ ಟೀಚರ್ ತಮ್ಮ ಪೋರ್ಟಿಕೋದಲ್ಲೇ ಬಡಿಯಬೇಕೆಂದು ಹಟ ಹಿಡಿದರು. "ಸರ್ವಿಸಿನಲ್ಲಿದ್ದಷ್ಟು ದಿನ ಕೋಲು ಎತ್ತೋ ಹಾಗಿರಲಿಲ್ಲ, ಇವತ್ತಾದ್ರೂ ಬಿಡಿ" ಅಂದರು. ಅವರು ಬಡಿದ ರಭಸಕ್ಕೆ ಕಾಳು ಚಪ್ಪಲಿ ಸ್ಟ್ಯಾಂಡಿನವರೆಗೂ ಸಿಡಿಯಿತು. ಆದರೂ ಮೂಟೆಗಳು ತುಂಬಿದವು.

ಕೆಲವು ವಾರ ಕಳೆದು ಅವರೇ ಕರೆದರು. ದಾಸವಾಳದ ಕುಂಡಕ್ಕೆ ಸಿಡಿದಿದ್ದ ಕಾಳೊಂದು ಮೊಳೆತು, ಕಿಟಕಿಯ ಸರಳಿಗೆ ಹಬ್ಬಿ, ಹೂ ಬಿಟ್ಟಿತ್ತು. "ಮುಂದೇನು ಮಾಡ್ಬೇಕು ಹೇಳಿ, ನೀವು ರೈತರು" ಅಂದರು. ನಾನು ಕೈ ಹಿಂದೆ ಕಟ್ಟಿಕೊಂಡು, ಗಂಭೀರವಾಗಿ ಕುಂಡಕ್ಕೆ ಒಂದು ಸುತ್ತು ಬಂದೆ. ಎಲೆ ಒಂದೊಂದೂ ಅಂಗೈಯಗಲ. ನನ್ನ ಹೊಲದಲ್ಲಿ ಅಂಥ ಬಳ್ಳಿ ಯಾವತ್ತೂ ಬಂದಿರಲಿಲ್ಲ. ಪುಟ್ಟಮ್ಮ ಹತ್ತಿರದಲ್ಲಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಕೇಳಿದೆ:

"ಟೀಚರ್, ಇದಕ್ಕೆ ನೀವು ಏನು ಹಾಕ್ತಿದ್ದೀರಿ?"