ಶಿರಾದಲ್ಲೇ ಉಳಿದ ಪದರ

ಹೆಂಡತಿ ಬೈಯುತ್ತಾಳೆ ಎಂದು ಗೋಳಾಡುವ ಗಂಡಸರು ಶಿರಾದಲ್ಲಿ ಬೀದಿಗೆ ಹತ್ತು ಜನ ಸಿಕ್ಕಾರು. ಹೆಂಡತಿ ಬೈಯುತ್ತಿಲ್ಲ ಎಂದು ಸೊರಗಿದವರು ಮಾತ್ರ ಟೈಲರ್ ಕಲೀಮುಲ್ಲಾ ಸಾಹೇಬರೊಬ್ಬರೇ.

ವಿಷಯ ಇಷ್ಟು. ಮಗಳು ಗೌಸಿಯಾ ಮಧುಗಿರಿಯಲ್ಲಿ ಟೀಚರು. ಅವಳಿಗೆ ಗಂಡು ಮಗುವಾಯಿತು. ಬಾಣಂತನಕ್ಕೆಂದು ನಲವತ್ತು ದಿನದ ಮಾತಿನ ಮೇಲೆ ಹೋದ ಹೆಂಡತಿ ಖುಷ್ನುಮಾ ಬೇಗಂ, ಮಗುವಿಗೆ ಶೀತ, ಗೌಸಿಯಾಗೆ ಸೊಂಟನೋವು ಎಂದು ವಾರ ವಾರ ಮುಂದೂಡುತ್ತ ಅಲ್ಲೇ ಬೇರು ಬಿಟ್ಟಿದ್ದರು. (ಸರ್ಕಾರದ ರಸ್ತೆ ಕಾಮಗಾರಿಗೂ ಇಷ್ಟು ಸಲ ಗಡುವು ಮುಂದೆ ಹೋಗುವುದಿಲ್ಲ.) ಸಾಹೇಬರು ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಆ ಕಡೆಯಿಂದ ಪಿಸುದನಿ ಬರುತ್ತಿತ್ತು: ಮಗು ಮಲಗಿದೆ, ನಿಮ್ಮದು ಊಟ ಆಯಿತೇ, ಆರೋಗ್ಯ ನೋಡಿಕೊಳ್ಳಿ, ಖುದಾ ಹಾಫಿಜ್. ಅದೂ ಉರ್ದುವಿನಲ್ಲಿ.

ಈ ಉರ್ದುವೇ ಸಾಹೇಬರ ಎದೆಗೆ ಚುಚ್ಚುತ್ತಿದ್ದದ್ದು. ಅವರ ಮನೆಯಲ್ಲಿ ಮಾತಿಗೆ ಉರ್ದು, ಬೈಗುಳಕ್ಕೆ ಕನ್ನಡ. ಬೇಗಂ ಹುಟ್ಟಿ ಬೆಳೆದದ್ದು ಐ.ಡಿ.ಹಳ್ಳಿಯಲ್ಲಿ, ಜಗಳ ಕಲಿತದ್ದು ಅಲ್ಲಿನ ನಲ್ಲಿಯ ಮುಂದೆ. ಉರ್ದುವಿನಲ್ಲಿ ಬೈಯಲು ಹೋದರೆ ನಡುವೆ 'ಆಪ್' ಎಂಬ ಬಹುವಚನ ಬಂದು ಕೂತು ಸಿಟ್ಟಿನ ಕತ್ತು ಹಿಸುಕುತ್ತದೆ ಎನ್ನುವುದು ಅವರ ಅನುಭವ. ಹಾಗಾಗಿ ಮದುವೆಯಾದಂದಿನಿಂದಲೂ ಸಾಹೇಬರ ಪಾಲಿಗೆ ಕನ್ನಡವೆಂದರೆ ಸಂಸಾರ. ಈಗ ನೋಡಿದರೆ ಬರೀ ಮರ್ಯಾದೆ. ಯಾರೋ ದೂರದ ನೆಂಟರನ್ನು ವಿಚಾರಿಸಿಕೊಂಡ ಹಾಗೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದ್ದಾರೆ. ಜಗಳವೇ ಇಲ್ಲದೆ ಉಣ್ಣುವುದು ಹೇಗೆ, ಮಲಗುವುದು ಹೇಗೆ ಎಂದು ಯಾವ ಹಿರಿಯರೂ ಹೇಳಿಲ್ಲ. ಒಂದು ದಿನ ಸಾಹೇಬರು ಬೇಕೆಂದೇ ಒದ್ದೆ ಟವೆಲ್ಲನ್ನು ಮಂಚದ ಮೇಲೆ ಎಸೆದು ಕಾದರು. ಯಾರೂ ಏನೂ ಅನ್ನಲಿಲ್ಲ. ಟವೆಲ್ಲು ಅಲ್ಲೇ ಮುಗ್ಗಲು ಹಿಡಿಯಿತು. ಕೊನೆಗೆ ಅವರೇ ಎತ್ತಿ ಒಣಹಾಕಿದರು, ಕಣ್ಣು ಮಂಜಾಯಿತು.

ಹೋಗಿ ಕರೆಯಬಹುದಿತ್ತಲ್ಲ ಎನ್ನುತ್ತೀರಿ. ಅಳಿಯನ ಮನೆಯಲ್ಲಿ, ಬೀಗಿತ್ತಿಯ ಎದುರಿಗೆ, ತಾತನಾದ ಗಂಡಸು 'ನೀನಿಲ್ಲದೆ ಆಗುತ್ತಿಲ್ಲ, ಬಾ' ಎನ್ನುವುದುಂಟೇ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಯೋಚಿಸಿ ಯೋಚಿಸಿ ಸಾಹೇಬರಿಗೆ ಹೊಳೆದದ್ದು ಅಮ್ಮನ ಪದರದ ಕೇಕು.

ತಾಯಿ ಚಾಂದ್ ಬಿ ಹಬ್ಬದ ಹಿಂದಿನ ದಿನ ಅದನ್ನು ಬೇಯಿಸುತ್ತಿದ್ದರು. ಓವನ್ನು ಗೀವನ್ನು ಇಲ್ಲ. ದಪ್ಪ ತಳದ ತಾಮ್ರದ ದೇಗಚಿ, ಕೆಳಗೆ ಇದ್ದಿಲ ಒಲೆ, ಮುಚ್ಚಳದ ಮೇಲೂ ಕೆಂಡ. ಒಂದು ಸೌಟು ಹಿಟ್ಟು ಹೊಯ್ದು, ಅದು ಕೆಂಪಗೆ ಬೆಂದ ಮೇಲೆ ತುಪ್ಪ ಸವರಿ ಇನ್ನೊಂದು ಸೌಟು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಪದರ. ಹಿರಿಯರದು ತಳಕ್ಕೆ, ಕಿರಿಯರದು ಮೇಲಕ್ಕೆ. ಅವರವರ ಪದರ ಅವರವರೇ ಹೊಯ್ಯಬೇಕು. ದೂರದಲ್ಲಿರುವವರ ಪದರವನ್ನು ಹೆಸರು ಹೇಳಿ ಉಳಿದವರು ಹೊಯ್ಯಬೇಕು. ಅತ್ತೆಯ ಕಾಲದ ನಂತರ ಸೊಸೆಯೇ ಇದನ್ನು ನಡೆಸಿಕೊಂಡು ಬಂದಿದ್ದರು. ಸಾಹೇಬರ ಕೊಡುಗೆ ಇಷ್ಟು ವರ್ಷವೂ ಒಂದು ಸೌಟು, ಆಮೇಲೆ ತಿನ್ನುವುದು.

ಅಂಗಡಿಗೆ ಬೀಗ ಹಾಕಿ ಸಾಹೇಬರು ಹಿತ್ತಲಿನಲ್ಲಿ ಮಹಾಯಾಗಕ್ಕೆ ಕೂತರು. ಮೈದಾ, ತುಪ್ಪ, ಪುಡಿ ಸಕ್ಕರೆ, ಏಲಕ್ಕಿ ಎಲ್ಲ ಸಿಕ್ಕಿತು. ಮೊಟ್ಟೆಯನ್ನು ನೊರೆ ಬರುವಂತೆ ಕಡೆಯುವ ಸಾಧನ ಸಿಗಲಿಲ್ಲ. ಮಜ್ಜಿಗೆಯ ಕಡಗೋಲು ಸಿಕ್ಕಿತು. ಕಡೆದ ರಭಸಕ್ಕೆ ಕಾಲು ಭಾಗ ನೊರೆ ಗೋಡೆಗೆ, ಒಂದಿಷ್ಟು ಅವರದೇ ಗಡ್ಡಕ್ಕೆ ಹಾರಿತು. ಇದ್ದಿಲ ಹೊಗೆ ಕಾಂಪೌಂಡು ದಾಟಿದಾಗ ಪಕ್ಕದ ಮನೆಯ ರಾಮಾಂಜಿನಮ್ಮ ಕೊಡ ನೀರು ಹಿಡಿದು ಓಡಿ ಬಂದಳು. ಬೆಂಕಿಯಲ್ಲ, ಕೇಕು ಎಂದು ತಿಳಿದ ಮೇಲೆ ಕೊಡ ಇಳಿಸಿ ಅಲ್ಲೇ ಕೂತಳು.

"ಇಷ್ಟೆಲ್ಲಾ ಯಾಕ್ ಸಾಬ್ರೇ? ಬಸ್ ಹತ್ತಿ ಹೋಗಿ 'ಬಾರಮ್ಮ' ಅಂದ್ಬುಟ್ರೆ ಆಯ್ತಪ್ಪ."

"ಅದನ್ನ ನನ್ ಬಾಯಲ್ಲಿ ಹೇಳಕ್ಕಾಗಲ್ಲ ರಾಮಾಂಜಿನಮ್ಮ. ಕೇಕ್ ಹೇಳ್ತದೆ."

"ಕೇಕಿಗೆ ಬಾಯಿ ಐತಾ?" ಎಂದಳು ಆಕೆ, ಕೆಂಡ ಕೆದಕುತ್ತ.

ಮೊದಲ ಸೌಟು ಮನೆಯ ಯಜಮಾನನದು, ಅಂದರೆ ತಮ್ಮದೇ. ಆಮೇಲೆ ಒಂದೊಂದು ಪದರಕ್ಕೂ ಹೆಸರು ಹೇಳುತ್ತ ಹೊಯ್ದರು: ಖುಷ್ನುಮಾ, ಅಳಿಯ ಮುಜೀಬ್, ಗೌಸಿಯಾ, ಕೊನೆಗೆ ಇನ್ನೂ ನೆಟ್ಟಗೆ ಕತ್ತು ನಿಲ್ಲದ ಮೊಮ್ಮಗ. ಖುಷ್ನುಮಾ ಎಂದವರು ಸೌಟು ಇಟ್ಟು ಕಣ್ಣೊರೆಸಿಕೊಂಡರು. (ಹೊಗೆ ಎಂದು ರಾಮಾಂಜಿನಮ್ಮನಿಗೆ ಹೇಳಿದರು.) ಮುಚ್ಚಳ ಎತ್ತಿದಾಗೆಲ್ಲ ಒಂದು ಚಿಟಿಕೆ ಬೂದಿ ಒಳಗೆ ಬೀಳುತ್ತಿತ್ತು. ಗಸಗಸೆ ಎಂದುಕೊಂಡರಾಯಿತು.

ಕೇಕು ಉಬ್ಬಿತು, ಕೆಂಪಾಯಿತು, ಚಾಂದ್ ಬಿ ಅಡುಗೆಮನೆಯ ಪರಿಮಳವೇ ಎದ್ದು ಬಂತು. ಬಿಸ್ಮಿಲ್ಲಾ ಎಂದು ದೇಗಚಿಯನ್ನು ತಟ್ಟೆಗೆ ಬೋರಲು ಹಾಕಿ ಎತ್ತಿದರೆ, ತಳದ ಪದರ ಮಾತ್ರ ಬರಲಿಲ್ಲ. ತಳ ಹಿಡಿದು, ಕರ್ರಗಾಗಿ, ದೇಗಚಿಯನ್ನು ಅಪ್ಪಿಕೊಂಡು ಕೂತಿತ್ತು. ಮೊದಲು ತುಪ್ಪ ಸವರುವುದನ್ನೇ ಮರೆತಿದ್ದರು. ಉಳಿದದ್ದು ಚೆನ್ನಾಗಿಯೇ ಇದೆ, ಯಾರು ಎಣಿಸುತ್ತಾರೆ ಎಂದುಕೊಂಡು ಸಾಹೇಬರು ಕೇಕನ್ನು ಮಗುಚಿ ಡಬ್ಬಿಗೆ ಇಳಿಸಿದರು. ಸುಟ್ಟ ಪದರವನ್ನು ಚಮಚದಲ್ಲಿ ಕೆರೆದು ತಿಂದರು. ಅದೇ ಆವತ್ತಿನ ಊಟ.

ಮರುದಿನ ಮಧುಗಿರಿ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕೇಕು ಹೇಳುತ್ತದೆ ಎಂದಿದ್ದರೂ, ಅಕಸ್ಮಾತ್ ಅದು ಕೈಕೊಟ್ಟರೆ ಇರಲಿ ಎಂದು ದಾರಿಯುದ್ದಕ್ಕೂ ಒಂದು ಭಾಷಣ ತಯಾರು ಮಾಡಿದರು. ದೊಡ್ಡದೇನಲ್ಲ. 'ನೀನಿಲ್ಲದೆ ಮನೆ ಮನೆಯ ಹಾಗಿಲ್ಲ. ಬಾ.'

ಬೀಗಿತ್ತಿ, ಅಂದರೆ ಮುಜೀಬನ ತಾಯಿ, ಬಾಗಿಲಲ್ಲೇ ಬಾಯಿಯ ಮೇಲೆ ಬೆರಳಿಟ್ಟು ಬರಮಾಡಿಕೊಂಡರು. ಮಗು ಮಲಗಿತ್ತು. ಆ ಮನೆಯಲ್ಲಿ ಫ್ಯಾನು ಕೂಡ ಅಪ್ಪಣೆ ಕೇಳಿಕೊಂಡು ತಿರುಗುತ್ತಿತ್ತು. ಖುಷ್ನುಮಾ ತಲೆಯ ಮೇಲೆ ಸೆರಗು ಹೊದ್ದು ಬಂದರು. ಇಷ್ಟು ತೊಂದರೆ ಏಕೆ ತೆಗೆದುಕೊಂಡಿರಿ ಎಂದು ಉರ್ದುವಿನಲ್ಲಿ ಪಿಸುಗುಟ್ಟಿದರು. ಸಾಹೇಬರ ಎದೆ ಕುಸಿಯಿತು.

ಕೇಕು ಕತ್ತರಿಸಿದ್ದಾಯಿತು. ಎಲ್ಲರ ಮುಖ ಅರಳಿತು. ಬೇಗಂ ಮಾತ್ರ ತುಂಡನ್ನು ಕಣ್ಣ ಹತ್ತಿರ ಹಿಡಿದು, ಚಾಕುವಿನ ತುದಿಯಿಂದ ಮೇಲಿನಿಂದ ಕೆಳಕ್ಕೆ ಒಂದೊಂದೇ ಪದರ ಮುಟ್ಟುತ್ತ ಬಂದರು. ಮಗುವಿನದು, ಗೌಸಿಯಾಳದು, ಮುಜೀಬನದು, ತಮ್ಮದು. ಅಲ್ಲಿಗೆ ಕೇಕು ಮುಗಿಯಿತು.

"ನಿಮ್ದೆಲ್ಲಿ?"

ಕನ್ನಡ! ಸಾಹೇಬರ ಮೈ ಜುಮ್ಮೆಂದಿತು.

"ತಳ ಹಿಡ್ಕಂತು. ದೇಗಚಿಗೇ ಅಂಟ್ಕಂಡು ಅಲ್ಲೇ ಉಳೀತು."

"ಅಲ್ಲೇ ಅಂದ್ರೆ?"

"ಶಿರಾದಲ್ಲಿ," ಎಂದರು ಸಾಹೇಬರು. "ಅದೊಂದೇ."

ಖುಷ್ನುಮಾ ಚಾಕು ಇಟ್ಟರು. ಕಣ್ಣಲ್ಲೇ ಗಂಡನನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಓರೆ ಮಾಡಿದರು. ಆಮೇಲೆ ಶುರುವಾಯಿತು, ಐ.ಡಿ.ಹಳ್ಳಿಯ ಅಚ್ಚ ಕನ್ನಡ, ಆದರೆ ಪಿಸುದನಿಯಲ್ಲಿ. ಬೀಗರ ಮುಂದೆ ಪದರ ಕಮ್ಮಿ ಇರುವ ಕೇಕು ಇಡುವುದೇ, ತುಪ್ಪ ಸವರಲೂ ಬಾರದೇ, ಗಡ್ಡದಲ್ಲಿ ಇನ್ನೂ ಮೊಟ್ಟೆಯ ನೊರೆ ಅಂಟಿದೆಯಲ್ಲ, ಕನ್ನಡಿ ಇಲ್ಲವೇ ಮನೆಯಲ್ಲಿ. ಸಾಹೇಬರು ಕಣ್ಣು ಮುಚ್ಚಿ, ಬಹಳ ದಿನ ಹಸಿದವರು ಬಿರಿಯಾನಿಯ ಮುಂದೆ ಕೂತ ಹಾಗೆ ನಿಂತಿದ್ದರು.

"ಸುಟ್ಟಿದ್ದನ್ನ ಏನ್ ಮಾಡಿದ್ರಿ?"

"ತಿಂದೆ."

ಬೈಗುಳ ನಿಂತಿತು. ಬೇಗಂ ಸೆರಗಿನಿಂದ ಅವರ ಗಡ್ಡ ಒರೆಸಿದರು. ಒರೆಸುತ್ತ ಬೇಗಂ ಕಣ್ಣು ತುಂಬಿತು. "ಒಂದ್ ಮಾತು ಕರೀಬಾರ್ದಾಗಿತ್ತಾ?" ಎಂದರು.

ಇದೇ ಸಮಯ. ಸಾಹೇಬರು ಗಂಟಲು ಸರಿಮಾಡಿಕೊಂಡರು. ಬಸ್ಸಿನ ಭಾಷಣ ತುಟಿಯವರೆಗೆ ಬಂತು. ಆಗ ಬಾಗಿಲು ತಳ್ಳಿಕೊಂಡು ಬೀಗಿತ್ತಿ ಬಂದರು, ಬಾಯಲ್ಲಿ ಕೇಕು. ಭಾಯಿ ಸಾಹೇಬರ ಕೈಗೆ ಇಂಥ ಗುಣವಿದೆ ಎಂದು ಗೊತ್ತೇ ಇರಲಿಲ್ಲವಂತೆ. ಬರುವ ಭಾನುವಾರ ಮಗುವನ್ನು ನೋಡಲು ನೆಂಟರೆಲ್ಲ ಬರುತ್ತಾರಂತೆ, ಆಗ ಇದೇ ಕೇಕು ಆಗಬೇಕಂತೆ. ತಮ್ಮ ಮನೆಯವರ ಪದರವೂ ಸೇರಬೇಕಂತೆ: ತಾವು, ಯಜಮಾನರು, ಮುಜೀಬನ ಅಣ್ಣಂದಿರು, ಅವರ ಹೆಂಡಿರು, ಮಕ್ಕಳು. ಬೀಗಿತ್ತಿಯ ಬೆರಳುಗಳು ಸಾಲದಾದವು. ಅಲ್ಲಿಯವರೆಗೆ ಭಾಯಿ ಸಾಹೇಬರೂ ಇಲ್ಲೇ, ಬೇಗಂ ಸಾಹೇಬರೂ ಇಲ್ಲೇ.

"ಖಂಡಿತ ಮಾಡುತ್ತಾರೆ," ಎಂದು ಖುಷ್ನುಮಾ ಉರ್ದುವಿನಲ್ಲಿ, ಪರಮ ಮರ್ಯಾದೆಯಿಂದ ಒಪ್ಪಿಕೊಂಡರು.

ಹಾಗಾಗಿ ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದವರು ಭಾನುವಾರ ಬೆಳಿಗ್ಗೆ ಬೀಗರ ಹಿತ್ತಲ ಮೆಟ್ಟಿಲ ಮೇಲೆ ಕಡಗೋಲು ಹಿಡಿದು ಕೂತಿದ್ದರು. ಸುತ್ತ ತಂತಿಯ ಮೇಲೆಲ್ಲ ಮಗುವಿನ ಬಟ್ಟೆ. (ಒಗೆದದ್ದು ಯಾರೆಂದು ಕೇಳಬೇಡಿ.) ಅಡುಗೆಮನೆಯ ಆ ಬೈಗುಳದ ನಂತರ ಹೆಂಡತಿಯ ಜೊತೆ ಎರಡು ಮಾತು ಆಡಲಾಗಿರಲಿಲ್ಲ. ಶಿರಾ ಮಧುಗಿರಿಯ ನಡುವಿನ ಅಷ್ಟೂ ದೂರ ಈಗ ಬಾಣಂತಿಯ ಕೋಣೆಯ ಒಂದು ಬಾಗಿಲಾಗಿ ನಿಂತಿತ್ತು.

ಆ ಬಾಗಿಲು ತೆರೆಯಿತು. "ಮೆತ್ತಗೆ ಕಡೀರಿ, ಮಗು ಎದ್ದುಬುಡ್ತದೆ," ಎಂದರು ಖುಷ್ನುಮಾ.

ಸಾಹೇಬರು ಅತ್ತಿತ್ತ ನೋಡಿದರು. ಯಾರೂ ಇರಲಿಲ್ಲ. ಕಡಗೋಲು ನಿಲ್ಲಿಸಿ, ಮೊಟ್ಟೆಯ ಪಾತ್ರೆಯನ್ನೇ ನೋಡುತ್ತ ಹೇಳಿಯೇಬಿಟ್ಟರು. "ನೀನಿಲ್ದೆ ಮನೆ ಮನೆ ಅಂಗಿಲ್ಲ. ಬಾ."

"ಏನಂದ್ರಿ?"

ಬೇಗಂ ಬೆನ್ನ ಹಿಂದೆ ಬೀಗಿತ್ತಿಯ ಮುಖ ಮೂಡಿತ್ತು.

"ಏಲಕ್ಕಿ ಎಲ್ಲೈತೆ ಅಂದೆ."

"ನಿಮ್ ಮಂಡಿ ಪಕ್ಕದಲ್ಲೇ ಐತಲ್ಲ, ಕಣ್ ಕಾಣಲ್ವಾ?" ಎಂದು ಬೇಗಂ ಬಾಗಿಲು ಎಳೆದುಕೊಂಡರು. ಮುಚ್ಚುವ ಮುನ್ನ ಮತ್ತೆ ತಲೆ ಹೊರಹಾಕಿದರು.

"ಮೊದ್ಲು ತಳಕ್ಕೆ ತುಪ್ಪ ಚೆನ್ನಾಗಿ ಸವರಿ. ಈ ಸಲ ನಿಮ್ದು ಅಂಟ್ಕಂಡು ಉಳ್ಕಂಬಾರ್ದು."

ಬಾಗಿಲು ಮುಚ್ಚಿತು. ಸಾಹೇಬರು ಕಡೆಯತೊಡಗಿದರು, ಮೆತ್ತಗೆ.