ಬೀಗ ಹಾಕಿದ ಕೋಣೆಯ ಬೆಚ್ಚಗಿನ ಕುರ್ಚಿ

"ಇವತ್ತಿಂದ ಕಚೇರಿಯಲ್ಲಿ ನಾನು ಕೂರಲ್ಲ ಕಣೇ! ಕೂತ್ರೆ ಕೇಳು!"

ಹೆಂಡತಿಯೆದುರು ಹೀಗೆ ಎದೆ ತಟ್ಟಿಕೊಂಡು ಹೊರಟ ನಮ್ಮ ಸ್ಥಾವರಯ್ಯ. ಹೆತ್ತವರು ಇಟ್ಟ ಹೆಸರು ಬೇರೆ ಬಿಡಿ. ಕೂತಲ್ಲಿಂದ ಕದಲದ ಈ ಕಡತಕೋಣೆಯ ಗುಮಾಸ್ತನಿಗೆ ಕಚೇರಿಯವರು ದಯಪಾಲಿಸಿದ ಬಿರುದು ಇದು. ಹಿಂದಿನ ದಿನ ಡಾಕ್ಟರು ರಕ್ತದ ವರದಿ ನೋಡಿ ಕನ್ನಡಕ ತೆಗೆದಿಟ್ಟಿದ್ದರು. "ಸಕ್ಕರೆ ಮೇಲೆದ್ದಿದೆ, ಕೊಬ್ಬು ಮೇಲೆದ್ದಿದೆ. ಏಳದೇ ಇರೋರು ನೀವೊಬ್ರೇ! ಆಗಾಗ ಎದ್ದು ಓಡಾಡಿ, ಇಲ್ಲಾಂದ್ರೆ ಹೃದಯ ಕೈಕೊಡುತ್ತೆ." ಪಕ್ಕದಲ್ಲಿದ್ದ ಹೆಂಡತಿಯ ಮುಖ ಬಿಳಚಿಕೊಂಡಿತ್ತು.

ಕಡತಕೋಣೆಗೆ ಒಂದೇ ಬಾಗಿಲು, ಕಿಟಕಿಯಿಲ್ಲ. ಇರುವ ಒಂದು ಬೀಗದಕೈ ಅವನ ಜೇಬಿನಲ್ಲಿ. ಸ್ಥಾವರಯ್ಯ ಕುರ್ಚಿಯನ್ನು ಮೂಲೆಗೆ ತಳ್ಳಿ, ಒಳಗಿಂದ ಬೀಗ ಜಡಿದು, ಕಡತ ಓದುತ್ತಲೇ ಕಪಾಟುಗಳ ನಡುವೆ ದಿಗ್ವಿಜಯಕ್ಕೆ ಹೊರಟ. ಕಡತದಲ್ಲಿ ಮುಳುಗಿದನೆಂದರೆ ಅವನಿಗೆ ಹೊರಗಿನ ಪ್ರಪಂಚವೇ ಇಲ್ಲ. ಹಾಗಿದ್ದೂ ಅಂದು ಹತ್ತಿರದಲ್ಲೇ, ತೀರಾ ಹತ್ತಿರದಲ್ಲೇ, 'ಕಿರ್ರ್' ಎಂಬ ಸದ್ದು ಕೇಳಿಸಿತು. ಮಧ್ಯಾಹ್ನ ಕುರ್ಚಿಯ ಮೇಲೆ ಚೀಲ ಇಡಲು ಹೋದವನು ಸರಕ್ಕನೆ ಕೈ ಹಿಂದೆಳೆದುಕೊಂಡ. ಕುರ್ಚಿ ಬೆಚ್ಚಗಿತ್ತು! ಮೆತ್ತೆ ನಡುವೆ ತಗ್ಗಿತ್ತು. ಮರುದಿನವೂ ಹಾಗೇ ಆಯಿತು.

ಪಕ್ಕದ ಕೋಣೆಯ ಟೈಪಿಸ್ಟಮ್ಮ ಧ್ವನಿ ತಗ್ಗಿಸಿದರು. "ನಿಮಗಿಂತ ಮುಂಚೆ ಇದ್ದ ಗುಮಾಸ್ತರು ಅದೇ ಕುರ್ಚೀಲಿ ಹೋಗ್ಬಿಟ್ರು. ಹೃದಯ ನಿಂತಿತ್ತಂತೆ. ಸಂಜೆ ತನಕ ಯಾರಿಗೂ ಗೊತ್ತೇ ಆಗ್ಲಿಲ್ಲ."

"ಅದ್ಹೇಗೆ ಗೊತ್ತಾಗ್ಲಿಲ್ಲ?"

"ಯಾವಾಗ್ಲೂ ಹಾಗೇ ಕೂತಿರ್ತಿದ್ರಲ್ಲ!"

ಸ್ಥಾವರಯ್ಯ ಮನಸ್ಸಿನಲ್ಲೇ ದೇವರ ನಾಮ ಜಪಿಸಿದ. ಆದರೂ ಗಂಡೆದೆಯಲ್ಲವೇ! ಮೂರನೇ ದಿನ ಮೊಹರಿಗೆ ಹಾಕುವ ನೇರಳೆ ಶಾಯಿಯನ್ನು ಕಪ್ಪು ಮೆತ್ತೆಯ ಮೇಲೆ ಧಾರಾಳವಾಗಿ ಸುರಿದ. ದೆವ್ವವೋ ಮನುಷ್ಯನೋ, ಯಾರ ಹಿಂಭಾಗ ನೇರಳೆಯೋ ಅವನೇ ಕಳ್ಳ! ಸಂಜೆ ನೋಡಿದರೆ ಶಾಯಿಯೆಲ್ಲ ಕಲಸಿಹೋಗಿತ್ತು. ಯಾರೋ ಕೂತಿದ್ದರು.

ಓಡಿಹೋಗಿ ಹೊರಬಾಗಿಲಲ್ಲಿ ಗೋಡೆಗೆ ಬೆನ್ನು ಒತ್ತಿ ನಿಂತ. ಮನೆಗೆ ಹೊರಟ ಒಬ್ಬೊಬ್ಬರ ಹಿಂಭಾಗವನ್ನೂ ಬಗ್ಗಿ ಬಗ್ಗಿ ಪರೀಕ್ಷಿಸಿದ.

"ಏನ್ರೀ ನೋಡ್ತಿದ್ದೀರಿ?" ಎಂದು ಸಾಹೇಬರು ಗದರಿದರು.

"ಏನಿಲ್ಲ ಸಾರ್, ನೀವು ಪರಿಶುದ್ಧರು!"

ಎಲ್ಲರೂ ಪರಿಶುದ್ಧರೇ! ಅಂದರೆ ಅದು ಮನುಷ್ಯನಲ್ಲ. ಸ್ಥಾವರಯ್ಯ ಬಸ್ಸಿಗೂ ಕಾಯದೆ ಮನೆಗೆ ಓಡಿದ.

"ಸತ್ತೋನು ಇನ್ನೂ ಅಲ್ಲೇ ಕೂತಿದ್ದಾನೆ ಕಣೇ!" ಎಂದು ಮಲಗುವ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಎಲ್ಲ ಒದರಿದ. ಹೆಂಡತಿ ಅವನು ತಿರುಗಿದಾಗಲೆಲ್ಲ ಅವನ ಬೆನ್ನ ಕೆಳಗೇ ನೋಡುತ್ತಿದ್ದಳು. ಕೊನೆಗೆ ತೋಳು ಹಿಡಿದು ಬೀರುವಿನ ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿದಳು.

"ಕತ್ತು ತಿರುಗ್ಸಿ ನೋಡ್ಕೊಳ್ಳಿ."

ಪ್ಯಾಂಟಿನ ಹಿಂಭಾಗ ನೇರಳೆ! ಅದೂ ಒಂದು ಅಚ್ಚಲ್ಲ, ಒಂದರ ಮೇಲೊಂದು. ಓದುತ್ತ ಓದುತ್ತ, ತನಗೇ ತಿಳಿಯದಂತೆ, ಮತ್ತೆ ಮತ್ತೆ ಹೋಗಿ ಕೂತಿದ್ದ.

"ಹಾಗಾದ್ರೆ... ಅದು ದೆವ್ವ ಅಲ್ವಾ?"

"ಇನ್ನೂ ಆಗಿಲ್ಲ," ಎಂದಳು ಹೆಂಡತಿ. ನಗಲು ಹೋದವಳ ಕಣ್ಣು ತುಂಬಿತ್ತು. "ಆಗೋಕೆ ಹೊರಟಿದೆ. ನಂಗೆ ಭಯ ಆಗುತ್ತೆ ರೀ."

ಸ್ಥಾವರಯ್ಯ ಅವಳ ಕೈ ಹಿಡಿದುಕೊಂಡ. "ನಿನ್ನಾಣೆ ಕಣೇ! ನಾಳೆ ಆ ಕುರ್ಚೀನೇ ಆಚೆ ಹಾಕಿಸ್ತೀನಿ. ಇನ್ಮೇಲೆ ನಾನು ಕೂತ್ರೆ ಕೇಳು!"

"ಆಣೆ ಆಮೇಲೆ. ಮೊದ್ಲು ನನ್ನ ಬಿಳೀ ಹಾಸಿಗೆ ಮೇಲಿಂದ ಏಳ್ರೀ!"